ನಾಲ್ಕು ರೊಟ್ಟಿ

ಶಿಕ್ಷಕಿಯಾಗಿದ್ದ ಹುಡುಗಿಯನ್ನು ನೋಡಲು ಬಂದ ವರನ ತಾಯಿ ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು.

“ನೌಕರಿ ಬಿಡಬೇಕಾಗ್ತದವಾ. ನಮ್ಮನಿಗೆ ಬೇಕಾಗಿದ್ದು ರೊಟ್ಟಿ ಬಡಿಯೋ ಕೈ, ಸಾಲಿ ಹಲಗಿ ಮ್ಯಾಲ ಬರಿಯಾಕ ಖಡು ಹಿಡಿಯೋ ಕೈ ಅಲ್ಲ. ನಾಕು ಬಡದು ತೋರಸು, ನೋಡೂಣು.”

“ತೋರಸ್ತೀನ್ರೀ.”

ಹುಡುಗಿ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿದಳು. ಬಡಿದ ನಾಲ್ಕೂ ರೊಟ್ಟಿಗಳು ಹಂಚಿನ ಮೇಲೆ ಉಬ್ಬಿದವು. ಒಂದರ ಅಂಚೂ ಹರಿಯಲಿಲ್ಲ.

“ಭಾಳ ಛಲೋ ಆಗ್ಯಾವ!” ತಾಯಿ ಮಗನತ್ತ ತಿರುಗಿ ನಕ್ಕರು. “ಇನ್ನ ಮುಹೂರ್ತ ತಗಸೂದೊಂದ ಉಳೀತು.”

ಹುಡುಗಿ ಬಿಸಿ ರೊಟ್ಟಿಗಳಲ್ಲಿ ಬದನೆಕಾಯಿ ಪಲ್ಯ ಇಟ್ಟು ಸುತ್ತಿದಳು. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಅವರ ಕೈಗೆ ಕೊಟ್ಟಳು.

“ದಾರಿಗೆ ಬುತ್ತಿರೀ, ಅವ್ವಾರ. ನಾಕರ ಬಸ್ಸಿಗೇ ಹೊಂಡ್ರಿ, ಮುಂಜಾನೆ ನನಗ ಸಾಲಿ ಐತಿ.”