ತಾಹೇರಾ ಮೇಡಂಗೆ ಹೇಳಿದ್ದು

ಚಟ್ನಿ ನುಣ್ಣಗಾಗುವ ಮೊದಲೇ ವಿಮಲಾಕ್ಷಿ ಮಿಕ್ಸಿ ನಿಲ್ಲಿಸಿ ಕಿವಿಗೊಟ್ಟಳು. ನಡುಮನೆಯಲ್ಲಿ ಶಿವಶರಣ ನಗುತ್ತಿದ್ದ. ಹನ್ನೊಂದು ವರ್ಷದ ಮಗ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನತೊಡಗಿ ಎರಡು ವರ್ಷ. ಆ ಎರಡು ವರ್ಷದಲ್ಲಿ ತಾಯಿಯ ಮುಂದೆ ಅವನು ಹೀಗೆ ನಕ್ಕಿದ್ದೇ ಇಲ್ಲ.

ನಗಿಸುತ್ತಿದ್ದವಳು ತಾಹೇರಾ. ಬಾಲ್ಯದಲ್ಲೇ ಶುರುವಾಗುವ ಸ್ಕಿಜೋಫ್ರೇನಿಯಾದಲ್ಲಿ ಮಿದುಳು ಬೆಳೆಯುತ್ತಾ ಹೇಗೆ ಬದಲಾಗುತ್ತದೆ ಎಂದು ತಿಳಿಯುವ ಸಂಶೋಧನೆ ಅವಳದು. ವರ್ಷಕ್ಕೊಂದು ಸ್ಕ್ಯಾನ್, ತಿಂಗಳಿಗೊಮ್ಮೆ ಶಿವಾಜಿನಗರದಿಂದ ಕಗ್ಗದಾಸಪುರದ ಈ ಮನೆಗೆ ಬಂದು ಹುಡುಗನ ಜೊತೆ ಮಾತುಕತೆ. ಟಿಕ್‌ಟಿಕ್ ಸದ್ದು ಅವನನ್ನು ಕಾಡೀತೆಂದು ಬಾಗಿಲಲ್ಲೇ ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕುವಳು. ಆ ಬುದ್ಧಿ ತನಗೇಕೆ ಹೊಳೆಯಲಿಲ್ಲವೆಂದು ವಿಮಲಾಕ್ಷಿಗೆ ಒಳಗೊಳಗೇ ಉರಿ.

ಟೀ ಕೊಡುವ ನೆಪದಲ್ಲಿ ಹೋದರೆ ಇಬ್ಬರೂ ಸುಮ್ಮನಾದರು. ಹೊರಡುವ ಮುಂಚೆ ತಾಹೇರಾ ಮುಂದಿನ ಸ್ಕ್ಯಾನಿನ ಒಪ್ಪಿಗೆ ಪತ್ರ ಚಾಚಿದಳು. ಆ ದನಿ ಮಗನಿಗೆ ಏನನ್ನುತ್ತದೆ ಎಂದು ವಿಮಲಾಕ್ಷಿ ಕೇಳಿಯೇಬಿಟ್ಟಳು.

"ಅದು ಅವನು ನಂಬಿ ಹೇಳಿದ್ದು, ವಿಮಲಾಕ್ಷಿಯವರೇ. ಡಾಕ್ಟರಿಗೆ ತಿಳಿಸಬೇಕಾದ್ದು ತಿಳಿಸಿದ್ದೀನಿ. ನೀವು ಅವನನ್ನೇ ಕೇಳಿ."

"ನಾ ಹಡದಾಕಿ ರೀ. ನಿಮಗ ಗೊತ್ತಿರೋದು ನನಗ ಗೊತ್ತಿಲ್ಲ ಅಂದ್ರ ಹೆಂಗ? ಸಹಿ ಹಾಕಂಗಿಲ್ಲ. ಇನ್ನ ಬರಬ್ಯಾಡ್ರಿ."

ತಾಹೇರಾ ಪತ್ರ ಮಡಚಿಟ್ಟುಕೊಂಡು, ಟೀ ಕುಡಿದ ಲೋಟವನ್ನು ತಾನೇ ತೊಳೆದಿಟ್ಟು ಹೋದಳು. ವಿಮಲಾಕ್ಷಿಗೆ ಅದನ್ನೂ ಸಹಿಸಲಾಗಲಿಲ್ಲ. ಮಗನತ್ತ ತಿರುಗಿದಳು.

"ನಾ ಕೇಳಿದ್ರ ಗಪ್ಪ ಕುಂದರ್ತಿ. ಅವರಿಗಷ್ಟ ಎಲ್ಲಾ ಹೇಳ್ತಿ. ಅವರು ನನಗಿಂತ ಹೆಚ್ಚೇನು ನಿನಗ?"

ಶಿವಶರಣ ಬಾಗಿಲ ಕಡೆಯೇ ನೋಡುತ್ತಿದ್ದ. "ನಿನಗ ಹೇಳಿದ್ರ ನೀ ಅಳ್ತಿ, ಅವ್ವ. ಅವರು ಬರಕೋತಾರ."

ವಿಮಲಾಕ್ಷಿ ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು, ಹಿಂಬದಿ ತಿರುಗಿಸಿ, ಪೆನ್ಸಿಲ್ ಹಿಡಿದು ಅವನೆದುರು ಕೂತಳು.

ಅವನು ಪೆನ್ಸಿಲನ್ನೇ ನೋಡಿದ. "ನಿಮ್ಮವ್ವ ರೊಟ್ಟ್ಯಾಗ ವಿಷ ಹಾಕ್ಯಾಳ, ತಿನ್ನಬ್ಯಾಡ ಅಂತೈತಿ."

ಅವಳು ತಲೆ ಎತ್ತದೆ ಬರೆದಳು. ಅಕ್ಷರ ಸೊಟ್ಟಗಾದವು. ಶಿವಶರಣ ಬಗ್ಗಿ ಓದಿ, ಆ ಸಾಲಿನ ಕೆಳಗೆ ಬೆರಳಿಟ್ಟ.

"ಆದ್ರೂ ದಿನಾ ತಿಂತೀನಿ. ಅದನ್ನೂ ಬರಿ."