ನೀರಿನ ಗೆರೆಯಿಂದ ಒಂದಡಿ ಮೇಲೆ

“ನೀರು ನುಗ್ಗಿದಾಗ ಈ ಕೋಣೇಲಿ ಎಲ್ಲಿವರೆಗೆ ಬಂದಿತ್ತು, ಮಾಸ್ಟ್ರೇ?”

ಸೋಲಾರ್ ಫಿಟ್ಟರ್ ಪೆನ್ಸಿಲನ್ನು ಗೋಡೆಗೆ ಆನಿಸಿಕೊಂಡೇ ಕೇಳಿದ. ಮನೆಯೊಡೆಯ ದರ್ಜಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ಬಾಯಿ ಬಿಟ್ಟೀರಿ ಜೋಕೆ ಎಂದು ಆಕೆ ಕಣ್ಣಲ್ಲೇ ಗದರಿದಳು.

“ನೀರೇನಪ್ಪ, ಹೊಳೆ ಎಲ್ಲೋ ಇದೆ. ಅದ್ಯಾಕೀಗ?”

“ನಿಯಮ. ಇನ್ವರ್ಟರಿನ ಕೆಳಗಿನ ಅಂಚು ಹಳೇ ನೀರಿನ ಗೆರೆಯಿಂದ ಒಂದಡಿ ಮೇಲಿರ್ಬೇಕು. ಎಡಬಲಕ್ಕೆ ಒಂದೊಂದಡಿ, ಎದುರಿಗೆ ಮೂರಡಿ ಜಾಗ ಖಾಲಿ. ಗೆರೆ ಎಲ್ಲಿತ್ತು ಅಂತ ಮನೆಯವರೇ ಹೇಳಿ ಸಹಿ ಹಾಕ್ಬೇಕು.”

ನಾಲ್ಕು ಗಂಟೆಗೆ ಮನೆ ಕೊಳ್ಳುವವರು ಬರುವವರಿದ್ದರು. ಫೋನಿನಲ್ಲಿ ಮಾತಾಡಿದ್ದು ಒಬ್ಬ ಹೆಂಗಸು. “ನಮ್ಮ ಮಕ್ಕಳು ಚಿಕ್ಕವು. ಸೋಲಾರ್ ಹಾಕ್ಸಿ, ಅಂಗಡಿ ನಂಬರ್ ಕಳಿಸ್ತೀನಿ. ಆಮೇಲೆ ಬಂದು ನೋಡ್ತೀವಿ” ಎಂದಿದ್ದಳು. ಎರಡು ವರ್ಷದಲ್ಲಿ ಮಾತು ಇಷ್ಟು ದೂರ ಬಂದದ್ದು ಇದೇ ಮೊದಲು. ಉಳಿದವರೆಲ್ಲ ಗೋಡೆಯ ಮೇಲಿನ ಕೆಸರಿನ ಗೆರೆ ಕಂಡದ್ದೇ ತಡ, ಕಾಲು ಕಿತ್ತಿದ್ದರು. ಈಗ ಆ ಗೆರೆಯ ಮೇಲೆ ಎರಡು ಕೋಟು ಬಣ್ಣ ಕೂತಿತ್ತು. ಬಳಿದವಳು ಹೆಂಡತಿ. ಮಳೆಯ ಸದ್ದು ಕೇಳಿದರೆ ಅವಳಿಗೆ ನಿದ್ದೆಯಿಲ್ಲ, ಮಹಡಿಯ ಮೆಟ್ಟಿಲ ಮೇಲೆ ಕೂತು ಬೆಳಗು ಮಾಡುತ್ತಿದ್ದಳು. ಇನ್ನೊಂದು ಮಳೆಗಾಲ ಇಲ್ಲೇ ಕಳೆದರೆ ಅವಳು ತನ್ನ ಕೈಗೆ ಸಿಗುವುದಿಲ್ಲ ಎಂದು ದರ್ಜಿಗೆ ಭಯ ಹತ್ತಿತ್ತು.

ಇನ್ವರ್ಟರ್ ತಲೆಮಟ್ಟಕ್ಕೆ ಏರಿದರೆ ಕೊಳ್ಳುವವರು ಯಾಕೆಂದು ಕೇಳದೆ ಬಿಡುತ್ತಾರೆಯೇ?

“ಸೊಂಟದೆತ್ತರಕ್ಕೆ ಹಾಕಿಬಿಡಿ. ನೋಡೋಕೂ ಚೆಂದ.”

ಫಿಟ್ಟರ್ ವೈರಿನ ದಾರಿ ನೋಡುತ್ತೇನೆಂದು ಮಹಡಿ ಹತ್ತಿದ. ಅಲ್ಲಿ ಕಿಟಕಿ ತೆರೆದ, ಮುಚ್ಚಿದ. ನಲ್ಲಿ ತಿರುಗಿಸಿ ನೀರಿನ ರಭಸ ನೋಡಿದ. ಮೇಲಿನ ಕೋಣೆಯಲ್ಲಿ ಎಷ್ಟು ಜನ ಮಲಗಬಹುದು ಎಂದು ಅಲ್ಲಿಂದಲೇ ಕೂಗಿ ಕೇಳಿದ.

“ಪೆಟ್ಟಿಗೆ ತಗುಲಿಸೋಕೆ ಬಂದೋನಿಗೆ ಇಲ್ಲದ ಉಸಾಬರಿ,” ಎಂದು ಹೆಂಡತಿ ಗೊಣಗಿದಳು. “ಶುದ್ಧ ಅಧಿಕಪ್ರಸಂಗಿ.”

ಕೆಳಗಿಳಿದವನು ಮತ್ತೆ ಅದೇ ರಾಗ ಎಳೆದ. “ಹೇಳಿ, ಎಷ್ಟು ಬರ್ಕೊಳ್ಳಲಿ?”

“ಹೊಸ್ತಿಲು ದಾಟಿತ್ತು ಅಷ್ಟೇ. ಒಂದು ಹತ್ತಿಪ್ಪತ್ತು ಇಂಚು.”

ಫಿಟ್ಟರ್ ಮೂಲೆಯ ಹೊಲಿಗೆ ಯಂತ್ರ ನೋಡಿದ, ದರ್ಜಿಯ ಕೊರಳಲ್ಲಿ ತೂಗುತ್ತಿದ್ದ ಟೇಪು ನೋಡಿದ. “ಹತ್ತಿಪ್ಪತ್ತು ಅನ್ನೋ ಟೈಲರ್‌ನ ಇವತ್ತೇ ನೋಡಿದ್ದು.”

ದರ್ಜಿಯ ಕಿವಿ ಬಿಸಿಯಾಯಿತು. ಬೀದಿಯವರು ಅವನಿಗೆ ಅರ್ಧ ಇಂಚು ಮಾಸ್ಟರ್ ಎಂದೇ ಹೆಸರಿಟ್ಟಿದ್ದರು. ನಲವತ್ತು ವರ್ಷದಲ್ಲಿ ಅವನು ಒಬ್ಬರ ತೋಳನ್ನೂ ಅಂದಾಜಿನಲ್ಲಿ ಹೇಳಿದವನಲ್ಲ.

“ಇಪ್ಪತ್ತು,” ಎಂದಳು ಹೆಂಡತಿ, ನಡುವೆ ಬಾಯಿ ಹಾಕಿ. “ಬರ್ಕೊಳ್ಳಿ.”

ಫಿಟ್ಟರ್ ಬರೆದುಕೊಂಡ. ಮೂವತ್ತೆರಡು ಇಂಚಿಗೆ ಗುರುತು ಹಾಕಿ ಕಾಗದವನ್ನು ದರ್ಜಿಯ ಮುಂದೆ ಹಿಡಿದ. “ಸಹಿಗೆ ಮೊದಲು ಒಂದು ಮಾತು. ಇದು ಮುಳುಗಿದ್ರೆ ಬರೀ ಪೆಟ್ಟಿಗೆ ಹಾಳಾಗೋದಲ್ಲ. ಬಿಸಿಲಿರೋವರೆಗೂ ಮೇಲಿನ ಫಲಕಗಳು ಕರೆಂಟ್ ಕಳಿಸ್ತಾನೇ ಇರ್ತವೆ. ಬೀದಿಯ ಲೈನ್ ಕಿತ್ತು ಹಾಕಿದ್ರೂ ನಿಲ್ಲಲ್ಲ. ಆ ನೀರಿಗೆ ಕಾಲಿಟ್ಟೋರ ಕತೆ ಮುಗೀತು. ಇಲ್ಲಿ ಮಕ್ಕಳು ಇರ್ತಾರಾ?”

ದರ್ಜಿ ಪೆನ್ನು ಇಸಿದುಕೊಂಡ. ಸಹಿ ಹಾಕಿದ.

ಫಿಟ್ಟರ್ ಡ್ರಿಲ್ ಎತ್ತಿಕೊಂಡು ಗುರುತಿನ ಎದುರು ಕುಕ್ಕರಗಾಲಲ್ಲಿ ಕೂತ. ಯಂತ್ರ ಗುರ್ರೆಂದಿತು, ಗೋಡೆಗೆ ಮಾತ್ರ ತಾಗಲಿಲ್ಲ. ಅವನು ನಿಲ್ಲಿಸಿದ, ತುದಿ ಬಿಗಿ ಮಾಡಿದ, ಮತ್ತೆ ಗುರ್ರೆನಿಸಿದ. ದರ್ಜಿ ಬಾಗಿಲಿಗೆ ಹೋಗಿ ಬಂದ. ಕೂತ, ಎದ್ದ. ಮೂರು ಗಂಟೆಯಾಗಿತ್ತು. ನಮ್ಮ ಮಕ್ಕಳು ಚಿಕ್ಕವು ಎಂದಿದ್ದಳಲ್ಲ ಆ ಹೆಂಗಸು. ಚಿಕ್ಕವು ಎಂದರೆ ಎಷ್ಟೆತ್ತರ? ಮೂವತ್ತು ಇಂಚು? ಮೂವತ್ತೈದು?

“ನಿಲ್ಸಿ!”

ಕೊರಳಿನ ಟೇಪು ಕಿತ್ತು, ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ಇನ್ನೊಂದನ್ನು ಗೋಡೆಗುಂಟ ಮೇಲಕ್ಕೆಳೆದ. ಹೊಸ ಬಣ್ಣದ ಮೇಲೆ ಹೆಬ್ಬೆರಳು ಒತ್ತಿದ.

“ಐವತ್ತೆರಡೂವರೆ. ಇಲ್ಲಿ. ನೀರು ಇಳಿದ ದಿನ ನಾನೇ ಅಳೆದಿದ್ದು. ಎರಡು ಸಲ ಬಂದಿದೆ.”

ಹೆಂಡತಿ ಮೆಟ್ಟಿಲ ಮೇಲೆ ಕುಸಿದಳು. “ಆಯ್ತಲ್ಲ, ಸಮಾಧಾನವಾಯ್ತಾ? ಇನ್ನು ಇಲ್ಲೇ ಕೊಳೆಯೋಣ.”

ದರ್ಜಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಆದರೆ ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರು ಮಾತ್ರ ಬಿಟ್ಟುಕೊಂಡಿತ್ತು. ಬರುವವರಿಗೂ ಇದನ್ನೇ ಹೇಳುವುದು, ಆದದ್ದಾಗಲಿ ಎಂದುಕೊಂಡ.

ಫಿಟ್ಟರ್ ಹಳೆಯ ಕಾಗದ ಹರಿದು ಹೊಸದು ಬರೆದ. ಈಗ ಡ್ರಿಲ್ ತಡವಿಲ್ಲದೆ ಗೋಡೆಗಿಳಿಯಿತು. ಅರವತ್ತನಾಲ್ಕೂವರೆಗೆ ಪೆಟ್ಟಿಗೆ ಕೂತಿತು. “ಅಮ್ಮಾ, ಸ್ವಿಚ್ಚು ಎಟುಕುತ್ತಾ ಸ್ವಲ್ಪ ನೋಡಿ. ನನ್ನ ಹೆಂಡತೀನೂ ನಿಮ್ಮಷ್ಟೇ ಎತ್ತರ.”

ನಿನ್ನ ಹೆಂಡತಿಯನ್ನು ಕಟ್ಟಿಕೊಂಡು ನನಗೇನು ಎಂಬಂತೆ ನೋಡಿ ಆಕೆ ಎದ್ದು ಕೈ ಚಾಚಿದಳು. ಎಟುಕಿತು.

ನಾಲ್ಕಕ್ಕೆ ಐದು ನಿಮಿಷವಿತ್ತು. “ಇನ್ನು ಹೊರಡಪ್ಪ, ಮನೆ ನೋಡೋರು ಬರ್ತಾರೆ,” ಎಂದು ದರ್ಜಿ ಬಾಗಿಲು ತೆರೆದು ಹಿಡಿದ. ಫಿಟ್ಟರ್ ಹೊಸ್ತಿಲ ಬಳಿ ನಿಂತು ಫೋನ್ ಕಿವಿಗಿಟ್ಟ.

“ನೀನು ಬರೋದೇನೂ ಬೇಡ ಕಣೇ, ಮನೆ ನಾನೇ ನೋಡಾಯ್ತು. ಈ ಬೀದೀಲಿ ನೀರು ಬರೋದು ಗೊತ್ತಿದ್ದಿದ್ದೇ, ಎಲ್ಲಿವರೆಗೆ ಅಂತ ಇವರು ಬಾಯಿಬಿಟ್ಟು ಹೇಳಿದ್ರು. ಮಕ್ಕಳನ್ನ ಮಹಡಿ ಮೇಲೆ ಮಲಗಿಸೋಣ, ತಗೊಂಡುಬಿಡೋಣ.”