ಎಡ ಮುಂದಿನ ಚಕ್ರ

"ಕೈಗೇನಾಯ್ತಕ್ಕಾ?"

ಅಕ್ಕ ಬ್ಯಾಂಡೇಜು ಸುತ್ತಿದ ಮುಂಗೈಯನ್ನು ಬೆನ್ನ ಹಿಂದಕ್ಕೆ ಸರಿಸಿದಳು. "ಮೆಟ್ಟಿಲ ಮೇಲೆ ಜಾರಿ ಬಿದ್ದೆ ಕಣೋ."

ಅವರ ಮನೆಯಲ್ಲಿ ಮೆಟ್ಟಿಲೇ ಇರಲಿಲ್ಲ.

ತಮ್ಮ ಕೈಯಲ್ಲಿದ್ದ ಚಕ್ರವನ್ನು ಉಜ್ಜತೊಡಗಿದ. ಅದು ಭಾವನ ಚಕ್ರ. ಯಾರದೋ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೊಳೆತ ಜೀಪನ್ನು ಭಾವ ಹೋದ ತಿಂಗಳಷ್ಟೇ ಕೊಂಡು ತಂದಿದ್ದ. ಭಾನುವಾರ ಹಳೆಯ ಗಾಡಿಗಳ ಮೆರವಣಿಗೆ ಬೆಟ್ಟ ಹತ್ತಿ ಇಳಿಯಲಿತ್ತು. ಅಷ್ಟರಲ್ಲಿ ನಾಲ್ಕೂ ಅಲಾಯ್ ಚಕ್ರಗಳು ಕನ್ನಡಿಯ ಹಾಗೆ ಹೊಳೆಯಬೇಕೆಂದು ಅವನ ಅಪ್ಪಣೆ. ಚಕ್ರ ಹೊಳೆಸುವುದೇ ಕಸುಬಾದ ಭಾವಮೈದುನ ಬಿಟ್ಟಿ ಸಿಕ್ಕಿರುವಾಗ ಹೊರಗಿನವರೇಕೆ? ಭಾವನಿಗೆ ಸ್ಟೇರಿಂಗು ಹಿಡಿಯಲು ಬರುತ್ತಿತ್ತು. ಸ್ಪ್ಯಾನರ್ ಹಿಡಿಯುವುದು ಹೊಡೆಯುವುದಕ್ಕೆ ಮಾತ್ರ ಗೊತ್ತಿತ್ತು.

"ಇನ್ನೊಂದ್ಸಲ ಹೀಗಾದ್ರೆ ನಾನು ಉಳಿಯಲ್ಲ ಕಣೋ," ಎಂದಳು ಅಕ್ಕ, ನೆಲ ನೋಡುತ್ತಾ.

"ಇನ್ನೊಂದ್ಸಲ ಆಗಲ್ಲ ಬಿಡು," ಎಂದ ತಮ್ಮ.

ಮೂರು ದಿನ ಅವನು ತನ್ನ ಕೆಲಸದ ಶೆಡ್ಡು ಬಿಟ್ಟು ಮನೆಗೆ ಊಟಕ್ಕೂ ಹೋಗಲಿಲ್ಲ. ಆಸಿಡ್ ಸವರಿದರೆ ಚಕ್ರ ಬುಸುಗುಟ್ಟಿತು. ಬ್ರೇಕಿನ ಕರಿ ಮಸಿ, ಬಿಳಿ ಕಿಲುಬು ಎಲ್ಲವೂ ನೊರೆಯಾಗಿ ಇಳಿದುಹೋದವು. ಬಾಗಿದ ಅಂಚಿಗೆ ಬೆಂಕಿ ಕೊಟ್ಟು ಸುತ್ತಿಗೆಯಿಂದ ಬಡಿದ. ಒಂದೊಂದು ಏಟಿಗೂ ಭಾವನ ಮುಖ ನೆನೆದ. ಕೆಲಸ ಮಾತ್ರ ಬಹಳ ಚೆನ್ನಾಗಿ ಆಯಿತು. ಒರಟು ಮರಳುಕಾಗದದಲ್ಲಿ ಉಜ್ಜಿ, ನೀರು ಹಾಕಿ ನಯವಾದ ಕಾಗದದಲ್ಲಿ ಉಜ್ಜಿ, ಕೊನೆಗೆ ಬಟ್ಟೆಯಲ್ಲಿ ಹೊಳಪೇರಿಸಿದ. ಗಾಡಿಯ ಬೋಲ್ಟುಗಳನ್ನೂ ಬಿಡಲಿಲ್ಲ. ತಂತಿ ಬ್ರಷ್ಷಿನಿಂದ ತಿಕ್ಕಿದಾಗ ಎಡಗಡೆಯ ಬೋಲ್ಟುಗಳ ತುದಿಯಲ್ಲಿ ಕೊರೆದಿದ್ದ ಪುಟ್ಟ 'L' ಅಕ್ಷರವೊಂದು ತುಕ್ಕಿನಡಿಯಿಂದ ಮೇಲೆ ಬಂತು.

ಭಾನುವಾರ ಬೆಳಿಗ್ಗೆ ನಾಲ್ಕೂ ಚಕ್ರ ಕೂರಿಸಿದ ಮೇಲೆ ಅವನು ಎಡ ಮುಂದಿನ ಚಕ್ರದೆದುರು ಕುಕ್ಕರಗಾಲಿನಲ್ಲಿ ಕೂತ. ಶೆಡ್ಡಿನ ಬಾಗಿಲು ಹಾಕಿತ್ತು. ಸ್ಪ್ಯಾನರನ್ನು ನಟ್ಟಿಗೆ ಸಿಕ್ಕಿಸಿ ಬಹಳ ಹೊತ್ತು ಹಾಗೆಯೇ ಇದ್ದ. ಆಮೇಲೆ ಐದು ನಟ್ಟುಗಳನ್ನೂ ಒಂದೊಂದಾಗಿ ತಿರುಗಿಸಿ, ಎದ್ದು, ಮುಖ ತೊಳೆದುಕೊಂಡ.

ಹತ್ತು ಗಂಟೆಗೆ ಭಾವ ಬಂದ. ಹಿಂದೆಯೇ ಅಕ್ಕ. ಅವಳ ಕೆಳತುಟಿ ಹೊಸದಾಗಿ ಒಡೆದಿತ್ತು.

"ಗಾಡಿ ಹತ್ತು," ಎಂದು ಭಾವ ಅವಳಿಗೆ ಹೇಳಿದ. "ಮೆರವಣಿಗೆ ಫೋಟೋದಲ್ಲಿ ಹೆಂಡ್ತೀನೂ ಇರ್ಬೇಕು."

"ಅಕ್ಕ ಇಲ್ಲೇ ಇರ್ಲಿ ಭಾವ," ಎಂದ ತಮ್ಮ.

"ಯಾಕೆ?"

ತಮ್ಮ ಅಕ್ಕನ ಒಡೆದ ತುಟಿಯ ಕಡೆ ನೋಡಿದ. ಭಾವ ಅವನ ಮುಖ ನೋಡಿದ, ಗಾಡಿ ನೋಡಿದ, ಮತ್ತೆ ಮುಖ ನೋಡಿದ.

"ಏನೋ ಮಾಡಿದೀಯ ಗಾಡಿಗೆ? ಕೊಡಿಲ್ಲಿ ಸ್ಪ್ಯಾನರು. ನಾನೇ ಬಿಗಿ ಮಾಡ್ಕೋತೀನಿ."

ಬಲಗಡೆಯಿಂದ ಶುರು ಮಾಡಿದ. ಸ್ಪ್ಯಾನರನ್ನು ನಟ್ಟಿಗೆ ಸಿಕ್ಕಿಸಿ ಅದರ ಹಿಡಿಯ ಮೇಲೆ ಹತ್ತಿ ಕುಪ್ಪಳಿಸಿದ. ನಟ್ಟು ಜಗ್ಗಲಿಲ್ಲ. ಹತ್ತೂ ನಟ್ಟುಗಳು ಕಲ್ಲಿನ ಹಾಗೆ ಕೂತಿದ್ದವು. ಎಡಗಡೆಗೆ ಬಂದ.

"ಭಾವ, ತಡೀರಿ! ಎಡಗಡೇದು..."

ಕಬ್ಬಿಣ ದವಡೆಗೆ ಬಡಿಯಿತು. ಏನೋ ಲಟಕ್ಕೆಂದಿತು. ತಮ್ಮ ಆಸಿಡ್ ಡಬ್ಬದ ಪಕ್ಕ ಬಿದ್ದ. ಎರಡು ಹಲ್ಲು ನೆಲದ ಮೇಲೆ ಉದುರಿದವು.

"ನನಗೇ ಬುದ್ಧಿ ಹೇಳ್ತೀಯೇನೋ?" ಭಾವ ಎಡಗಡೆಯ ಸ್ಪ್ಯಾನರಿನ ಮೇಲೂ ಹತ್ತಿ ಕುಪ್ಪಳಿಸಿದ. ನಟ್ಟು ಕಿರ್ರೆಂದು ತಿರುಗಿತು. "ಕಂಡ್ಯೇನೇ! ನಿನ್ನ ತಮ್ಮನ ಘನಂದಾರಿ ಕೆಲಸ! ಎಡಗಡೆ ಸಡಿಲ ಬಿಟ್ಟು ನನ್ನ ಕೊಲ್ಲೋಕೆ ಹೊರಟಿದಾನೆ!"

ಮುಂದಿನವು ಐದು, ಹಿಂದಿನವು ಐದು. ಪ್ರತಿಯೊಂದೂ ಅವನ ಭಾರಕ್ಕೆ ಕಿರ್ರೆಂದು ಅರ್ಧ ಸುತ್ತು ತಿರುಗಿತು. ಒಂದೊಂದಕ್ಕೂ ಒಂದೊಂದು ಬೈಗುಳ ಉದುರಿಸುತ್ತಾ ಭಾವ ಕೆಲಸ ಮುಗಿಸಿದ. ಸ್ಪ್ಯಾನರ್ ಎಸೆದು ಅಕ್ಕನ ಜುಟ್ಟು ಹಿಡಿದು ಗಾಡಿಯ ಕಡೆ ಎಳೆದ.

ತಮ್ಮ ತೆವಳಿಕೊಂಡು ಬಂದು ಅಕ್ಕನ ಕಾಲುಗಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಬಾಯಿ ತುಂಬ ರಕ್ತ, ಮಾತು ಹೊರಡಲಿಲ್ಲ. ಭಾವ ಪಕ್ಕೆಗೆ ಒದ್ದ. ಬೆರಳುಗಳ ಮೇಲೆ ಬೂಟು ಊರಿ ತಿರುವಿದ. ತಮ್ಮ ಬಿಡಲಿಲ್ಲ. ಅಕ್ಕ ಕಿರುಚುತ್ತಿದ್ದಳು. ರಸ್ತೆಯಲ್ಲಿ ಮೆರವಣಿಗೆಯ ಹಾರ್ನುಗಳು ಕೇಳಿದವು.

"ಬಂದ್ಮೇಲೆ ಇಬ್ರನ್ನೂ ಒಟ್ಟಿಗೇ ಮುಗಿಸ್ತೀನಿ," ಎಂದು ಭಾವ ಒಬ್ಬನೇ ಗಾಡಿ ಹತ್ತಿದ. ಬಿಸಿಲಿಗೆ ಚಕ್ರಗಳು ಥಳಥಳ ಹೊಳೆದವು.

ಮಧ್ಯಾಹ್ನ ಪೊಲೀಸಿನವನು ಬಂದ. ಬೆಟ್ಟ ಇಳಿಯುವಾಗ ಎಡ ಮುಂದಿನ ಚಕ್ರ ಕಳಚಿ ಹೋಗಿ ಜೀಪು ಕಮರಿಗೆ ಉರುಳಿತ್ತು. ಭಾವನನ್ನು ಗುರುತಿಸಲು ಅವನ ಗಡಿಯಾರ ನೋಡಬೇಕಾಯಿತಂತೆ. "ಚಕ್ರ ಹಾಕಿದ್ದು ಯಾರು?" ಎಂದು ಕೇಳಿದ ಪೊಲೀಸಿನವನು, ಮೇಲಧಿಕಾರಿಗೆ ಫೋನು ಮಾಡಲು ಹೊರಗೆ ಹೋದ.

ಅಕ್ಕ ತಮ್ಮನ ಊದಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಂಡ ಸತ್ತದ್ದಕ್ಕೆ ಅವಳಿಗೆ ಅಳು ಬರಲಿಲ್ಲ. ತಮ್ಮ ಕೊಲೆಗಾರನಾದನಲ್ಲ ಎಂದು ಬಂತು.

"ನಟ್ಟು ಸಡಿಲ ಮಾಡಿದ್ದು ನಾನೇ ಅಂತ ಹೇಳ್ತೀನಿ. ನನಗೋಸ್ಕರ ತಾನೇ ಮಾಡಿದ್ದು ನೀನು? ಸುಮ್ನಿರು, ಜೈಲಿಗೆ ನಾನು ಹೋಗ್ತೀನಿ."

ತಮ್ಮ ತಲೆಯಲ್ಲಾಡಿಸಿದ. ಮುರಿದ ದವಡೆಯಲ್ಲಿ ಮಾತು ಹೊರಡದೆ, ಸೀಮೆಸುಣ್ಣದ ತುಂಡೊಂದನ್ನು ಎತ್ತಿಕೊಂಡು ಎಣ್ಣೆ ಕುಡಿದ ಕಪ್ಪು ನೆಲದ ಮೇಲೆ ಸೊಟ್ಟಸೊಟ್ಟ ಅಕ್ಷರಗಳಲ್ಲಿ ಬರೆದ:

"ನನಗೆ ಧೈರ್ಯ ಸಾಲದೆ ಎಲ್ಲಾ ನಟ್ಟು ಬಿಗಿಯಾಗೇ ಹಾಕಿದ್ದೆ. ಈ ಹಳೇ ಗಾಡೀಲಿ ಎಡಗಡೆ ನಟ್ಟಿನ ತಿರುಪು ಉಲ್ಟಾ, ಬೋಲ್ಟಿನ ಮೇಲೆ L ಇರೋದು ಅದಕ್ಕೇ. ಮಾಮೂಲಿ ಹಾಗೆ ಬಿಗಿ ಮಾಡೋಕೆ ಹೋದ್ರೆ ಬಿಚ್ಚಿಕೊಳ್ಳುತ್ತೆ. ಅದನ್ನ ಹೇಳೋಕೆ ಬಾಯಿ ತೆರೆದಾಗಲೇ ಭಾವ ಹೊಡೆದಿದ್ದು."